ನೀರಿಗಿಂತ ತಿಳಿಯಾದ ನೀರು

ಆ ಟೀಚರ ಬ್ಯಾಗಿನಲ್ಲಿ ಯಾವಾಗಲೂ ಒಂದು ಕೆಂಪು ನೇಲ್ ಪಾಲಿಶ್ ಸೀಸೆ ಇರುತ್ತಿತ್ತು. ಉಗುರಿಗೆ ಹಚ್ಚಿಕೊಂಡಿದ್ದನ್ನು ಮಾತ್ರ ನಾನು ಒಂದು ದಿನವೂ ನೋಡಲಿಲ್ಲ. ಉಗುರೆಲ್ಲ ಸೀಮೆಸುಣ್ಣದ ಬಿಳಿ. ಸೀಸೆ ಇದ್ದದ್ದು ಗುರುತು ಹಾಕೋದಕ್ಕೆ. ಸ್ಟಾಫ್ ರೂಮಿನ ತಮ್ಮ ಲೋಟಕ್ಕೊಂದು ಚುಕ್ಕಿ, ಕುರ್ಚಿ ಕಾಲಿಗೊಂದು ಚುಕ್ಕಿ, ಸ್ಕೂಟರಿನ ಕೀಗೊಂದು ಚುಕ್ಕಿ.

ಮಳೆಗಾಲದಲ್ಲಿ ನಮ್ಮ ಕಡೆ ಯಾವ ಶಾಲೆಗೆ ಹೋದರೂ ಮೂಲೆಯಲ್ಲಿ ಕಪ್ಪು ಕೊಡೆಗಳ ರಾಶಿ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಹೆಡ್ಮಾಷ್ಟ್ರು ದಿನಾ ಇವರ ಕೊಡೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರಂತೆ. ಇವರು ಹಿಡಿಗೆ ಚುಕ್ಕಿ ಇಟ್ಟರು. ಆದರೂ ಅವರು ಅದನ್ನೇ ಎತ್ತಿಕೊಂಡು ಹೋದರು. ಮಾರನೇ ದಿನ ಟೀಚರು ಮೂಲೆಯಲ್ಲಿದ್ದ ಅಷ್ಟೂ ಕೊಡೆಗಳಿಗೆ ಒಂದೊಂದು ಕೆಂಪು ಚುಕ್ಕಿ ಇಟ್ಟುಬಿಟ್ಟರು. ಸಂಜೆ ಬೆಲ್ಲು ಹೊಡೆದ ಮೇಲೆ ಮೇಷ್ಟ್ರುಗಳೆಲ್ಲ ಜಗಲಿಯಲ್ಲಿ ನಿಂತು ಕೊಡೆ ಬಿಚ್ಚೋದು, ಮುಚ್ಚೋದು, ಮೂಸಿ ನೋಡೋದು. "ನನ್ನದು ನನಗೆ ಗೊತ್ತಾಗುತ್ತಪ್ಪ" ಅಂತ ಟೀಚರು ಒಂದನ್ನು ಎತ್ತಿಕೊಂಡು ಹೊರಟೇ ಹೋದರು. ಅದು ಹೆಡ್ಮಾಷ್ಟ್ರದು ಅಂತ ನನಗೆ ಈಗಲೂ ಅನುಮಾನ ಇದೆ.

ಅವರು ಹೋದ ಶನಿವಾರ ರಿಟೈರ್ ಆದರು. ಅವತ್ತಿನಿಂದ ನನ್ನ ಹೊಟ್ಟೆಯೊಳಗೆ ಹಾಲು ಉಕ್ಕಿದ ಹಾಗೆ ಮಾತು ಉಕ್ಕುತ್ತಾ ಇದೆ. ಯಾರಿಗೆ ಹೇಳಿದರೂ ಅರ್ಧ ಕೇಳಿ ಎದ್ದು ಹೋಗುತ್ತಾರೆ. ಅದಕ್ಕೇ ಬರೆಯೋಕೆ ಕೂತೆ. ನಾನು ಓದಿದ್ದು ಅರಕಲಗೂಡು ಕಡೆಯ ನಮ್ಮ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸು. ಮದುವೆಯಾಗಿ ಕುಶಾಲನಗರದ ಪಕ್ಕಕ್ಕೆ ಬಂದ ಮೇಲೆ ಭತ್ತ, ಶುಂಠಿ, ದನ, ಮಕ್ಕಳು, ಇಷ್ಟೇ. ಮೊಮ್ಮಗಳು ಸಿಂಚನ "ಅಜ್ಜಿ, ಕೊಡಿ, ತಪ್ಪು ತಿದ್ದಿಕೊಡ್ತೀನಿ" ಅಂದಳು. ಬೇಡ ಅಂದೆ. ಇದರಲ್ಲಿ ಅವಳ ಹೊಗಳಿಕೆಯೇ ಜಾಸ್ತಿ ಇದೆ, ಓದಿದರೆ ತಲೆ ತಿರುಗೀತು.

ಟೀಚರು ಶ್ರೀಮಂಗಲ ಕಡೆಯ ಕೊಡವರು. ನಮ್ಮ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಆಳು ಗಿಡ್ಡ. ದನಿ ಮಾತ್ರ ತೋಟದ ಆಚೆ ತುದಿಯಲ್ಲಿ ಕಾಫಿ ಪಿಕ್ಕಿಂಗ್ ಮಾಡುತ್ತಿರುವವರನ್ನು ಊಟಕ್ಕೆ ಕರೆಯಬಹುದಾದಂಥದ್ದು. ಯಾರಿಗೂ ಬೈಯುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳುತ್ತಿದ್ದರು, ಅದಕ್ಕಿಂತ ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಮೊದಲ ಸಲ ನನಗೇ ಕೇಳಿದರು. ಸಿಂಚನ ಎಂಟನೇ ಕ್ಲಾಸಿಗೆ ಸೇರಿದ ವರ್ಷ ಶಾಲೆಯಲ್ಲಿ ಪೋಷಕರ ಸಭೆ. ಮಗ ಸೊಸೆ ಇಬ್ಬರೂ ಶುಂಠಿ ಕೀಳಿಸುವ ಗಡಿಬಿಡಿಯಲ್ಲಿದ್ದರು, ನಾನು ಹೋಗಿದ್ದೆ. ನಮ್ಮಲ್ಲಿ ದೊಡ್ಡವರ ಮುಂದೆ ಮಕ್ಕಳನ್ನು ಹೊಗಳೋ ಪದ್ಧತಿ ಇಲ್ಲ. ದೃಷ್ಟಿಯಾಗುತ್ತೆ ಅಂತ ಎರಡು ಮಾತು ತೆಗಳಿಯೇ ಶುರು ಮಾಡೋದು. ನಾನೂ ಹಾಗೇ, "ನಮ್ಮ ಹುಡುಗಿ ಸ್ವಲ್ಪ ಮಂದ ಟೀಚರೇ, ನೀವೇ ನೋಡ್ಕೋಬೇಕು" ಅಂದೆ.

"ಯಾರ ಮುಂದೆ ಮಂದ ಅಜ್ಜಿ?" ಅಂದರು.

"ಅವಳ ದೊಡ್ಡಪ್ಪನ ಮಗಳ ಮುಂದೆ."

"ಆ ಮಗಳು ಯಾರ ಮುಂದೆ ಚುರುಕು?"

ನಾನು ಯೋಚನೆ ಮಾಡಿ, "ಇವಳ ಮುಂದೆ" ಅಂದೆ.

"ಹಂಗಾದ್ರೆ ನೀವು ಹಗ್ಗದ ಎರಡೂ ತುದೀನ ಗಾಳೀಲಿ ಹಿಡ್ಕೊಂಡು ಅಳೀತಾ ಇದ್ದೀರಿ. ಒಂದು ತುದಿನಾದ್ರೂ ಗೂಟಕ್ಕೆ ಕಟ್ಟಿ."

ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ನನಗೆ ಕೋಪ ಬಂತು. ಮನೆಗೆ ಬರುವ ದಾರಿಯಲ್ಲಿ ಕೋಪ ಇಳಿದು ನಗು ಬಂತು. ಮಾರನೇ ಶನಿವಾರ ನಾನೇ ಮತ್ತೆ ಹೋದೆ.

ಶನಿವಾರ ಯಾಕೆಂದರೆ ಅವತ್ತು ಬೆಳಗ್ಗೆ ಅವರ ಕ್ಲಾಸಿನ ಕೊನೇ ಬೆಂಚು ಮನೆಯವರಿಗೆ ಅಂತ ಬಿಟ್ಟಿದ್ದರು. ಯಾರು ಬೇಕಾದರೂ ಬಂದು ಕೂರಬಹುದು. ಬರುವವರು ಕಡಿಮೆ. ನಾನಂತೂ ಖಾಯಂ. ಬರೀ ಕೈಲಿ ಹೋಗೋದು ಹೇಗೆ, ಒಂದು ಫ್ಲಾಸ್ಕಿನಲ್ಲಿ ಹಾಲು ಹಾಕದ ಬೆಲ್ಲದ ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ನನ್ನ ಕಾಫಿ ಕುಡಿದವರು ಆ ದಿನ ಮಧ್ಯಾಹ್ನ ಮಲಗಿದ್ದಿಲ್ಲ. ಟೀಚರು ಅರ್ಧ ಲೋಟ ಬಗ್ಗಿಸಿಕೊಂಡು, ಇನ್ನರ್ಧ ಲೋಟ ಬಿಸಿನೀರು ಬೆರೆಸಿಕೊಳ್ಳುತ್ತಿದ್ದರು. ಕೊಟ್ಟ ಕಾಫಿಗೆ ಕಣ್ಣೆದುರಿಗೇ ನೀರು ಬೆರೆಸೋದು ಅಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಬೀಗರು ಹಾಗೆ ಮಾಡಿದ್ದರೆ ಎರಡು ವರ್ಷ ಮಾತು ನಿಲ್ಲುತ್ತಿತ್ತು.

"ಗಟ್ಟಿಯಾಯ್ತಾ ಟೀಚರೇ?" ಅಂತ ನಾನು ಚುಚ್ಚಿ ಕೇಳುತ್ತಿದ್ದೆ.

"ಗಟ್ಟಿ ಅಲ್ಲ ಅಜ್ಜಿ, ಇದರಲ್ಲಿ ಚಮಚ ನೆಟ್ಟಗೆ ನಿಲ್ಲುತ್ತೆ. ನಾನು ಸರ್ಕಾರಿ ಸಂಬಳದವಳು, ಹೃದಯಕ್ಕೆ ಏನಾದ್ರೂ ಆದ್ರೆ ರಜೆ ಇಲ್ಲ."

ಈ ಕಾಫಿಯಿಂದಲೇ ಎಲ್ಲ ಶುರುವಾಗಿದ್ದು.

ಸಿಂಚನ ಒಂಬತ್ತನೇ ಕ್ಲಾಸಿಗೆ ಬಂದಾಗ ಒಂದು ಶನಿವಾರ ಟೀಚರು ನನ್ನ ಕಾಫಿಯನ್ನೇ ಒಂದು ಗಾಜಿನ ಲೋಟಕ್ಕೆ, ಒಂದು ಹಿತ್ತಾಳೆ ಲೋಟಕ್ಕೆ ಬಗ್ಗಿಸಿ, ಮೇಲಿಂದ ಬಗ್ಗಿ ನೋಡಿ ಯಾವುದು ಗಟ್ಟಿ ಹೇಳಿ ಅಂದರು. ಮಕ್ಕಳು ಕೈ ಎತ್ತಿದರು. ನಾನೂ ಎತ್ತಿದೆ. ಹಿತ್ತಾಳೆಯದು ಗಟ್ಟಿ ಅಂತ ಹೆಚ್ಚಿನವರು ಅಂದೆವು. ಎರಡೂ ಒಂದೇ ಫ್ಲಾಸ್ಕಿನದು ಅಂತ ನನಗೆ ಗೊತ್ತಿದ್ದೂ ಕೈ ಎತ್ತಿದ್ದೆ ನೋಡಿ, ಕಣ್ಣಿನ ಆಟ ಹಾಗೆ.

"ಕಣ್ಣಿಗೆ ನೆಂಟರಿರ್ತಾರೆ ಅಜ್ಜಿ" ಅಂದರು ಟೀಚರು. "ಲೋಟ ಚೆನ್ನಾಗಿದ್ರೆ ಕಾಫಿ ಚೆನ್ನಾಗಿದೆ ಅಂದುಬಿಡುತ್ತೆ. ಬೆಳಕಿಗೆ ನೆಂಟರಿಲ್ಲ. ಅದನ್ನೇ ಕೇಳೋಣ."

ಬೆಳಕನ್ನು ಕೇಳುವ ಪೆಟ್ಟಿಗೆಯನ್ನು ಸಿಂಚನಳೇ ಕಟ್ಟಿದಳು. ನನ್ನ ಮಗ ಗಂಬೂಟು ತಂದಿದ್ದ ರಟ್ಟಿನ ಡಬ್ಬ. ಒಳಗೆಲ್ಲ ಕಪ್ಪು ಬಣ್ಣ. ಒಂದು ತುದಿಗೆ ಕೀಚೈನಿನ ನೀಲಿ ದೀಪ, ಇನ್ನೊಂದು ತುದಿಗೆ ಕೆಟ್ಟ ಕ್ಯಾಲ್ಕುಲೇಟರಿನಿಂದ ಕಿತ್ತ ಸೋಲಾರ್ ಪಟ್ಟಿ, ಅದರ ವೈರು ಮುಳ್ಳಿರುವ ಒಂದು ಹಳೇ ಮೀಟರಿಗೆ. ನಡುವೆ ಒಂದು ಚಿಕ್ಕ ಗಾಜಿನ ಸೀಸೆ. ಸೀಸೆಯೊಳಗಿನ ಕಾಫಿ ಎಷ್ಟು ಗಟ್ಟಿಯೋ ಅಷ್ಟು ಬೆಳಕನ್ನು ನುಂಗುತ್ತೆ, ಉಳಿದದ್ದು ಆಚೆ ಹೋಗಿ ಮುಳ್ಳನ್ನು ತಳ್ಳುತ್ತೆ. ನೀಲಿ ದೀಪ ಯಾಕೆ ಅಂದರೆ ಕಾಫಿಗೆ ನೀಲಿ ಬೆಳಕು ಅಂದರೆ ಪ್ರಾಣವಂತೆ, ಬಿಡದೆ ತಿನ್ನುತ್ತಂತೆ. ಸೀಸೆ ಬದಲಾಯಿಸುವ ಹಾಗಿಲ್ಲ, ತಿರುಗಿಸಿ ಇಡುವ ಹಾಗೂ ಇಲ್ಲ. ಅದಕ್ಕೇ ಸೀಸೆಯ ಮುಖಕ್ಕೊಂದು, ಡಬ್ಬಕ್ಕೊಂದು ಕೆಂಪು ಚುಕ್ಕಿ. ಚುಕ್ಕಿಗೆ ಚುಕ್ಕಿ ಎದುರಾಗಬೇಕು.

ಆದರೆ ಪೆಟ್ಟಿಗೆ ಕಟ್ಟಿದ ಮಾತ್ರಕ್ಕೆ ಅದಕ್ಕೆ ಅಳತೆ ಬರೋದಿಲ್ಲ. "ಈಗ ಅದು ಬರೀ ಮುಳ್ಳು ಅಲ್ಲಾಡಿಸೋ ಡಬ್ಬ. ಅದಕ್ಕೆ ಓದು ಕಲಿಸ್ಬೇಕು" ಅಂದರು ಟೀಚರು. ಮೊದಲು ಬರೀ ನೀರಿಟ್ಟು, ಮುಳ್ಳು ನೂರರ ಗೆರೆಗೆ ಬರುವ ಹಾಗೆ ದೀಪ ಸರಿಮಾಡಬೇಕು. ಅದು ಕಾಫಿ ಸೊನ್ನೆ. ಆಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಡಿಕಾಕ್ಷನ್, ಎರಡು ಚಮಚ, ಮೂರು ಚಮಚ ಹೀಗೆ ಇಟ್ಟು, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತು ಅಂತ ಚೌಕದ ಹಾಳೆಯಲ್ಲಿ ಚುಕ್ಕಿ. ಚುಕ್ಕಿ ಸೇರಿಸಿ ಗೆರೆ. ಗೆರೆ ನೆಟ್ಟಗೆ ಬರಲಿಲ್ಲ, ಮಡಿಕೇರಿಯಿಂದ ಇಳಿಯುವ ರಸ್ತೆ ಹಾಗೆ ಮೊದಲು ದಡದಡ ಇಳಿದು ಆಮೇಲೆ ಸಮವಾಗುತ್ತಾ ಹೋಯಿತು. ಅದು ಹಾಗೇ ಇರಬೇಕಂತೆ. ಇನ್ನು ಮೇಲೆ ಯಾರು ಯಾವ ಕಾಫಿ ತಂದರೂ ಮುಳ್ಳು ನೋಡಿ, ಗೆರೆ ಹಿಡಿದು ಬಂದು, ಇದು ಇಷ್ಟು ಚಮಚದ್ದು ಅಂತ ಹೇಳಿಬಿಡಬಹುದು.

ಸಿಂಚನ ಮನೆಯಲ್ಲಿ ಊಟ ಮಾಡುವಾಗಲೂ ಅದೇ ಮಾತು. ಪೊನ್ನಂಪೇಟೆಯಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಇತ್ತು. ಪೆಟ್ಟಿಗೆ ಅಲ್ಲಿಗೆ ಹೋಗಬೇಕು, ಪೆಟ್ಟಿಗೆಯ ಜೊತೆ ತಾನು ಹೋಗಬೇಕು. ದೊಡ್ಡಪ್ಪನ ಮಗಳು ಡಾನ್ಸಿಗೆ ಅಂತ ಎಲ್ಲೆಲ್ಲಿಗೋ ಹೋಗಿ ಬಂದಿದ್ದಾಳೆ, ಇವಳನ್ನು ಇದುವರೆಗೆ ಯಾವುದಕ್ಕೂ ಯಾರೂ ಎಲ್ಲಿಗೂ ಕಳಿಸಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸಾರಿಗೆ ಉಪ್ಪು ಜಾಸ್ತಿಯಾದದ್ದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ ಅಂದ ಮೇಲೆ ನನಗೆ ತಿಳಿಯದೇ ಇರುತ್ತಾ.

ಅಡ್ಡ ನಿಂತವರು ಹೆಡ್ಮಾಷ್ಟ್ರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೇನೂ ಇಲ್ಲ. ಅವರ ಹತ್ತಿರ ಒಂದು ಜ್ವಾಲಾಮುಖಿ ಇತ್ತು. ಮಣ್ಣು, ಕಾಗದ ಮೆತ್ತಿ ಮಾಡಿದ್ದು. ಬಾಯೊಳಗೆ ಅಡುಗೆ ಸೋಡ, ಕುಂಕುಮ ಹಾಕಿ ನಿಂಬೆರಸ ಹುಯ್ದರೆ ಕೆಂಪಗೆ ಉಕ್ಕುತ್ತೆ. ಪ್ರತಿ ವರ್ಷ ಬೀರುವಿನ ಮೇಲಿಂದ ಇಳಿಸಿ, ಬಣ್ಣ ಹೊಡೆದು, ಪ್ರದರ್ಶನಕ್ಕೆ ಕಳಿಸೋದು, ಸಮಾಧಾನಕರ ಬಹುಮಾನ ತರೋದು, ಮತ್ತೆ ಬೀರುವಿನ ಮೇಲಿಡೋದು.

"ಜನಕ್ಕೆ ಉಕ್ಕೋದು ಬೇಕು ಮೇಡಂ. ನಿಮ್ಮ ಡಬ್ಬದಲ್ಲಿ ಏನು ಉಕ್ಕುತ್ತೆ?"

"ಏನೂ ಉಕ್ಕಲ್ಲ ಸಾರ್. ನಿಜ ಹೇಳುತ್ತೆ."

"ನಿಜ ಹೇಳುತ್ತೆ ಅಂತ ಹೇಗೆ ಗೊತ್ತು?"

"ಪರೀಕ್ಷೆ ಮಾಡಿ. ಸುಳ್ಳು ಹೇಳಿದ್ರೆ ನಿಮ್ಮ ಜ್ವಾಲಾಮುಖಿಗೆ ನಾನೇ ಬಣ್ಣ ಹೊಡೀತೀನಿ."

ಶನಿವಾರವೇ ಪರೀಕ್ಷೆ. ನಾನು ಕೊನೇ ಬೆಂಚಿನಲ್ಲಿ ಫ್ಲಾಸ್ಕು ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಹೊರಗೆ ಮಳೆ ಹೊಡೀತಾ ಇತ್ತು. ಹೆಡ್ಮಾಷ್ಟ್ರು ಮಕ್ಕಳಿಗೆ ಬೆನ್ನು ಹಾಕಿ, ಅಲ್ಲಿದ್ದ ನೀರಿಗೇ ಡಿಕಾಕ್ಷನ್ ಬೆರೆಸಿ ಒಂದು ಲೋಟ ಕೊಟ್ಟರು. ಸಿಂಚನ ಸೀಸೆಗೆ ಬಗ್ಗಿಸಿ, ಹೊರಮೈ ಒರೆಸಿ, ಚುಕ್ಕಿಗೆ ಚುಕ್ಕಿ ಇಟ್ಟು, ಮುಚ್ಚಳ ಮುಚ್ಚಿದಳು. "ಎರಡು ಚಮಚ ಸಾರ್." ಸರಿ. ಇನ್ನೊಂದು. "ನಾಲ್ಕು." ಅದೂ ಸರಿ. ಮಕ್ಕಳು ಬೆಂಚು ಕುಟ್ಟಿದರು. ನಾನೂ ಕುಟ್ಟಿದೆ.

ಹೆಡ್ಮಾಷ್ಟ್ರಿಗೆ ತುಂಟತನ ಬಂತು. ಟೀಚರ ಜೊತೆ ಅಷ್ಟು ವರ್ಷ ಇದ್ದವರಿಗೆ ಬಾರದೇ ಇರುತ್ತಾ. ಕೆಂಪು ಚುಕ್ಕಿಯ ಕೊಡೆ ಬಿಚ್ಚಿಕೊಂಡು ಹೊರಗೆ ಹೋದರು. ಹೆಂಚಿನ ತುದಿಯಿಂದ ಧಾರೆಯಾಗಿ ಬೀಳುತ್ತಿದ್ದ ಮಳೆನೀರಿಗೆ ಲೋಟ ಹಿಡಿದು ತುಂಬಿಸಿಕೊಂಡು ಬಂದರು. "ಇದರಲ್ಲಿ ಕಾಫಿ ಒಂದು ತೊಟ್ಟೂ ಇಲ್ಲ. ನಿಮ್ಮ ಪೆಟ್ಟಿಗೆ ಏನನ್ನುತ್ತೋ ನೋಡೋಣ."

ಮುಳ್ಳು ನೂರರ ಗೆರೆಗೆ ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗೆರೆ ದಾಟಿತು. ದಾಟಿ ತುದಿಯ ಗೋಡೆಗೆ ತಾಗಿ ನಿಂತಿತು.

ಸಿಂಚನ ಸೀಸೆ ತೆಗೆದು, ಒರೆಸಿ, ಮತ್ತೆ ಇಟ್ಟಳು. ಮತ್ತೆ ಅಲ್ಲೇ.

"ಅಂದ್ರೆ ಏನಮ್ಮ ಅರ್ಥ?" ಅಂತ ಹೆಡ್ಮಾಷ್ಟ್ರು ಮೆಲ್ಲಗೆ ಕೇಳಿದರು.

"ಸೊನ್ನೆಗಿಂತ ಕಡಿಮೆ ಕಾಫಿ ಇದೆ ಸಾರ್" ಅಂದಳು. ದನಿ ಹೊರಗೇ ಬರಲಿಲ್ಲ.

"ಇಲ್ಲದ್ದಕ್ಕಿಂತ ಕಡಿಮೆ. ನೀರಿಗಿಂತ ತಿಳಿಯಾದ ನೀರು. ಮೇಡಂ, ಇದು ವಿಜ್ಞಾನ ಅಲ್ಲ, ಪವಾಡ. ಇದನ್ನ ಪ್ರದರ್ಶನಕ್ಕೆ ಕಳಿಸೋದಲ್ಲ, ಗುಡಿ ಕಟ್ಟಿಸ್ಬೇಕು."

ಮಕ್ಕಳೂ ನಕ್ಕರು, ಮೊದಲು ಬೆಂಚು ಕುಟ್ಟಿದ್ದ ಮಕ್ಕಳೇ. ಸಿಂಚನ ಗೆರೆ ಹಾಳೆ ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡಳು. ನನ್ನ ಕೈಲಿ ಫ್ಲಾಸ್ಕು ತಣ್ಣಗಾದ ಹಾಗೆ ಅನ್ನಿಸಿತು.

ಆಗ ಟೀಚರು ಮಾಡಿದ್ದು ನೋಡಿ. ಕುರ್ಚಿ ಮೇಲೆ ಕೂತು ನಗೋದಕ್ಕೆ ಶುರು ಮಾಡಿದರು. ಸೋತವರ ನಗು ಅಲ್ಲ ಅದು. ಕಳೆದುಹೋಗಿದ್ದ ಹಸು ತಾನೇ ಕೊಟ್ಟಿಗೆಗೆ ಬಂದರೆ ನಾವು ನಗುತ್ತೇವಲ್ಲ, ಹಾಗೆ.

"ಪೆಟ್ಟಿಗೆ ಸುಳ್ಳು ಹೇಳ್ತಾ ಇಲ್ಲ ಸಾರ್. ಎಲ್ಲೋ ನಾವು ಹೇಳಿದ್ದೀವಿ. ಎಲ್ಲಿ ಅಂತ ನನಗೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಇಷ್ಟು ಖುಷಿ ಆಗ್ತಿರಲಿಲ್ಲ. ಸೋಮವಾರದ ತನಕ ಟೈಮ್ ಕೊಡಿ."

"ಸೋಮವಾರ ಮಧ್ಯಾಹ್ನ ಹೆಸರು ಕಳಿಸ್ಬೇಕು. ಅಷ್ಟರ ತನಕ ಅಷ್ಟೆ" ಅಂತ ಹೇಳಿ ಹೆಡ್ಮಾಷ್ಟ್ರು ಜ್ವಾಲಾಮುಖಿ ಇಳಿಸಲು ಅಟೆಂಡರಿಗೆ ಹೇಳಿ ಹೋದರು.

ದಾರಿಯಲ್ಲಿ ನಾನು, ಸಿಂಚನ. ಒಂದೇ ಕೊಡೆಯಲ್ಲಿ ಇಬ್ಬರು. ಅವಳು ಎಡಗಡೆ ಪೂರ್ತಿ ನೆನೆದಿದ್ದಳು, ಹತ್ತಿರ ಬಾ ಅಂದರೂ ಬರಲಿಲ್ಲ. ನನಗೆ ಟೀಚರ ಮೇಲೆ ಸಿಟ್ಟು ಬಂತು. ಮಗುವಿನ ಮುಖ ಅಷ್ಟಾಗಿರುವಾಗ ನಗೋದಾ. ಇನ್ನು ಆ ಹೆಂಗಸಿಗೆ ಕಾಫಿ ಕೊಡಬಾರದು ಅಂತ ತೀರ್ಮಾನ ಮಾಡಿದೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಳು. ಎರಡು ತುತ್ತು ತಿಂದು ನೀರು ಕುಡಿದಳು. ಲೋಟ ಇಳಿಸಿ, "ಅಜ್ಜಿ, ನಮ್ಮನೆ ನೀರಿಗೆ ರುಚಿಯೇ ಇಲ್ಲ" ಅಂದಳು.

"ನೀರಿಗೆ ಎಂಥ ರುಚಿ ಇರುತ್ತೆ? ಬಾವಿ ನೀರು ಕಾಯಿಸಿ ಆರಿಸಿದ್ದು. ನಿಮ್ಮಪ್ಪ ಇದನ್ನೇ ಕುಡಿದು ದೊಡ್ಡೋನಾದ."

"ಸ್ಕೂಲ್ ನೀರು ರುಚಿ ಇರುತ್ತೆ."

ಹಾಗಂದವಳು ಹಾಗೇ ಕೂತುಬಿಟ್ಟಳು. ತುತ್ತು ಕೈಲೇ ಇತ್ತು. ಅನ್ನದ ತಟ್ಟೆ ನೋಡುತ್ತಿದ್ದಾಳೆ, ಆದರೆ ನೋಡುತ್ತಿರೋದು ಅದನ್ನಲ್ಲ. ನಾನು ದೆವ್ವ ಮೆಟ್ಟಿತೇನೋ ಅಂದುಕೊಂಡೆ.

"ಅಜ್ಜಿ, ನಾಳೆ ನಮ್ಮ ಮನೆ ನೀರು ಒಂದು ಬಾಟಲಿ ತುಂಬಿಸಿ ಕೊಡಿ. ಏನೂ ಹಾಕಬೇಡಿ."

"ನೀರಿಗೆ ಏನು ಹಾಕ್ಲಿ?"

"ಅದೇ" ಅಂತ ಹೇಳಿ, ಒಂದೇ ಉಸಿರಿಗೆ ಅಷ್ಟೂ ಅನ್ನ ಉಂಡು, ಮತ್ತೆ ಬಡಿಸಿಕೊಂಡಳು.

ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಶಾಲೆಯಲ್ಲಿದ್ದೆವು. ಕಾಫಿ ಕೊಡಬಾರದು ಅಂತ ತೀರ್ಮಾನ ಮಾಡಿದ್ದೆನಲ್ಲ, ಫ್ಲಾಸ್ಕು ಮಾತ್ರ ಅಭ್ಯಾಸಬಲದಿಂದ ಕೈಲಿತ್ತು. ಸಿಂಚನ ಟೀಚರ ಮೇಜಿನ ಮೇಲೆ ಒಂದು ಬಿಳಿ ಹಾಳೆ ಹಾಸಿದಳು. ಅದರ ಮೇಲೆ ಎರಡು ಗಾಜಿನ ಲೋಟ. ಒಂದಕ್ಕೆ ಮನೆ ನೀರು. ಇನ್ನೊಂದಕ್ಕೆ ಬಿಸಿಯೂಟದ ಕೋಣೆ ಬಾಗಿಲಲ್ಲಿದ್ದ ಸ್ಟೀಲ್ ಡ್ರಮ್ಮಿನ ನೀರು. ಶಾಲೆಯಲ್ಲಿ ಎಲ್ಲರೂ ಕುಡಿಯೋದು ಆ ಡ್ರಮ್ಮಿನದೇ. ಪೆಟ್ಟಿಗೆಗೆ ಸೊನ್ನೆ ಹಿಡಿದದ್ದೂ ಅದರಿಂದಲೇ, ಚಮಚ ಚಮಚ ಕಾಫಿ ಬೆರೆಸಿದ್ದೂ ಅದಕ್ಕೇ.

"ಮೇಲಿಂದ ನೋಡಿ ಮಿಸ್" ಅಂದಳು.

ಟೀಚರು ಬಗ್ಗಿದರು. ಕನ್ನಡಕ ತೆಗೆದರು, ಮತ್ತೆ ಹಾಕಿದರು. ನಾನೂ ಬಗ್ಗಿದೆ. ಮನೆ ನೀರಿನ ಕೆಳಗೆ ಹಾಳೆ ಬಿಳಿ. ಡ್ರಮ್ಮಿನ ನೀರಿನ ಕೆಳಗೆ ಹಾಳೆ ಬೆಣ್ಣೆ ಬಣ್ಣ. ಒಂದರ ಪಕ್ಕ ಒಂದನ್ನು ಇಡದಿದ್ದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ.

ಟೀಚರು ಅಡುಗೆ ಕೋಣೆ ಕಡೆ ಹೊರಟರು, ನಾವು ಅವರ ಹಿಂದೆ. ಬಿಸಿಯೂಟ ಮಾಡುವ ಚೇಚಿ ತರಕಾರಿ ಹೆಚ್ಚುತ್ತಿದ್ದರು. ಮಲೆಯಾಳದವರು, ಅಕ್ಕ ಅನ್ನೋದಕ್ಕೆ ಅವರಲ್ಲಿ ಚೇಚಿ. ಮಕ್ಕಳು ಅಂದರೆ ಜೀವ.

"ಚೇಚಿ, ಕುಡಿಯೋ ನೀರಿಗೆ ಏನಾದ್ರೂ ಹಾಕ್ತೀರಾ?"

ಚೇಚಿಗೆ ಆಶ್ಚರ್ಯ. "ಜೀರಿಗೆ ಹಾಕೋದು ಟೀಚರೇ. ಮತ್ತೆ ಈ ಮಳೇಲಿ ಮಕ್ಕಳಿಗೆ ಪಚ್ಚವೆಳ್ಳಂ, ಬರೀ ತಣ್ಣೀರು ಕೊಡೋದಾ? ಶೀತ ಆಗೋದಿಲ್ವಾ?"

"ಎಷ್ಟು ವರ್ಷದಿಂದ ಹಾಕ್ತಿದ್ದೀರಿ?"

"ನಾನು ಬಂದಾಗಿಂದ. ಯಾರೂ ಕೇಳಿಲ್ಲ."

ಯಾರು ಕೇಳುತ್ತಾರೆ. ಅಷ್ಟು ವರ್ಷ ಅದನ್ನೇ ಕುಡಿದವರಿಗೆ ನೀರಿನ ಬಣ್ಣ ಅಂದರೆ ಅದೇ ಬಣ್ಣ, ನೀರಿನ ರುಚಿ ಅಂದರೆ ಅದೇ ರುಚಿ. ಕಂಡಕಂಡವರನ್ನೆಲ್ಲ ಯಾರ ಮುಂದೆ, ಯಾವುದರ ಮುಂದೆ ಅಂತ ಕೇಳಿ ಬೆವರಿಳಿಸುತ್ತಿದ್ದ ಟೀಚರೂ ದಿನಾ ಅದನ್ನೇ ಕುಡಿದು, ಕೆಂಪು ಚುಕ್ಕಿಯ ಲೋಟ ತೊಳೆದಿಟ್ಟು ಹೋಗುತ್ತಿದ್ದರು. ನೀಲಿ ಬೆಳಕು ಮಾತ್ರ ಮೋಸ ಹೋಗಲಿಲ್ಲ. ಜೀರಿಗೆಯ ಹಳದಿಯನ್ನೂ ಸ್ವಲ್ಪ ನುಂಗಿತ್ತು. ಅದನ್ನೇ ನಾವು ಸೊನ್ನೆ ಅಂತ ಕಲಿಸಿದ್ದೆವು. ಮಳೆನೀರು ಬಂದಾಗ ಪಾಪ ಅದು ಏನು ಮಾಡಬೇಕು, ಇದು ನಿಮ್ಮ ನೀರಿಗಿಂತ ತಿಳಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿತು.

ಟೀಚರು ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದು, ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು, ದುಂಡಗೆ ಬರೆದರು: ಇದು ಸೊನ್ನೆ ಅಲ್ಲ.

ಚೇಚಿ ಈಳಿಗೆ ಬಿಟ್ಟು ಎದ್ದರು. "ನನ್ನ ನೀರಿನ ಮೇಲೆ ಎಂಥ ಬರೆದದ್ದು ಟೀಚರೇ?"

"ನಿಮ್ಮ ನೀರಿನ ಮೇಲಲ್ಲ ಚೇಚಿ. ನನ್ನ ಬುದ್ಧಿ ಮೇಲೆ. ನೀವು ಜೀರಿಗೆ ನಿಲ್ಲಿಸ್ಬೇಡಿ." ಆ ಬರಹ ಈಗಲೂ ಡ್ರಮ್ಮಿನ ಮೇಲಿದೆ. ಹೊಸದಾಗಿ ಬಂದ ಮಕ್ಕಳು ನೀರು ಹಿಡಿಯುತ್ತಾ ಓದಿ ತಲೆ ಕೆರೆದುಕೊಳ್ಳುತ್ತಾರೆ.

ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ನೀರು ತರಿಸಿದರು. ಅದರಲ್ಲಿ ಏನೂ ಇರುವುದಿಲ್ಲವಂತೆ, ನಮ್ಮ ಬಾವಿ ನೀರಿಗಿಂತಲೂ ಶುದ್ಧವಂತೆ. ನನಗೆ ಅದನ್ನು ಕೇಳಿ ಸ್ವಲ್ಪ ಬೇಜಾರಾಯಿತು, ಇರಲಿ. ಮತ್ತೆ ಮೊದಲಿಂದ. ಸೊನ್ನೆ, ಒಂದು ಚಮಚ, ಎರಡು ಚಮಚ, ಹೊಸ ಹಾಳೆ, ಹೊಸ ಗೆರೆ. ಮಧ್ಯಾಹ್ನದ ಬೆಲ್ಲಿಗೆ ಮುಂಚೆ ಹೆಡ್ಮಾಷ್ಟ್ರು ಬಂದರು. ಮಳೆನೀರು ಇಟ್ಟು ತೋರಿಸಿದ್ದಾಯಿತು, ಮುಳ್ಳು ಸಾಧುವಿನ ಹಾಗೆ ನೂರರ ಗೆರೆ ಮೇಲೆ ನಿಂತಿತು. ಅವರು ಬಿಡಬೇಕಲ್ಲ. ಸುತ್ತ ನೋಡಿದರು. ಕಣ್ಣು ನನ್ನ ಮೇಲೆ ಬಿತ್ತು.

"ಅಜ್ಜಿ, ಫ್ಲಾಸ್ಕಲ್ಲಿ ಏನಿದೆ?"

"ಕಾಫಿ ಸಾರ್. ಬೆಲ್ಲದ್ದು."

"ಕೊಡಿ ಇಲ್ಲಿ."

ನಾನು ಎದ್ದು ಹೋಗಿ ಕೊಟ್ಟೆ. ಟೀಚರು ಮೂಲೆಗೆ ಹೋಗಿ ಕೈಕಟ್ಟಿ ನಿಂತರು. ಸಿಂಚನ ನನ್ನ ಕಾಫಿ ಸೀಸೆಗೆ ಹಾಕಿ ಇಟ್ಟಳು. ಮುಳ್ಳು ಬಿದ್ದದ್ದು ಏಳಲೇ ಇಲ್ಲ. ಒಂದು ಕೂದಲೆಳೆಯಷ್ಟೂ ಇಲ್ಲ. ಪೆಟ್ಟಿಗೆಗೆ ಮಂಕು ಬಡಿದ ಹಾಗೆ.

"ಏನಮ್ಮ, ಕೆಟ್ಟುಹೋಯ್ತಾ?"

ನಾನು ಟೀಚರ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು.

"ಕೆಟ್ಟಿಲ್ಲ ಸಾರ್" ಅಂದಳು ಸಿಂಚನ. ಈ ಸಲ ದನಿ ಹೊರಗೆ ಬಂತು. "ನಮ್ಮಜ್ಜಿ ಕಾಫಿ ನಮ್ಮ ಗೆರೆಯಿಂದ ಆಚೆ ಇದೆ. ಬೆಳಕು ದಾಟ್ತಾನೇ ಇಲ್ಲ. ತಿಳಿ ಮಾಡಿ ಅಳೀಬೇಕು." ಒಂದು ಚಮಚ ಕಾಫಿಗೆ ಒಂಬತ್ತು ಚಮಚ ಬ್ಯಾಟರಿ ನೀರು ಬೆರೆಸಿದಳು. ಇಟ್ಟಳು. ಮುಳ್ಳು ಎದ್ದಿತು. ಗೆರೆ ಹಿಡಿದು ಬೆರಳು ಓಡಿಸಿದಳು. "ಈಗ ಬಂದಿದ್ದರ ಹತ್ತರಷ್ಟು ಸಾರ್, ನಿಜವಾದ್ದು. ಇದು ಕಾಫಿ ಅಲ್ಲ, ಡಿಕಾಕ್ಷನ್ನೇ."

ಹೆಡ್ಮಾಷ್ಟ್ರು ಫ್ಲಾಸ್ಕಿನ ಮುಚ್ಚಳಕ್ಕೆ ಒಂದು ಗುಟುಕು ಬಗ್ಗಿಸಿಕೊಂಡು ಕುಡಿದರು. ಮುಚ್ಚಳದ ತಳವನ್ನು ಒಮ್ಮೆ ಬಗ್ಗಿ ನೋಡಿದರು. ಆಮೇಲೆ ಅಟೆಂಡರನ್ನು ಕರೆದು, "ಜ್ವಾಲಾಮುಖಿನ ಮೇಲಿಟ್ಟುಬಿಡಪ್ಪ" ಅಂದರು.

ನಾನು ಅವತ್ತು ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಮೀನು ಮಾರುವವನನ್ನೂ ನಿಲ್ಲಿಸಿ ಹೇಳಿದೆ, ನಾವು ಮೀನು ತಿನ್ನುವವರಲ್ಲದಿದ್ದರೂ.

ಪೊನ್ನಂಪೇಟೆಗೆ ನನ್ನನ್ನೂ ವ್ಯಾನಿಗೆ ಹತ್ತಿಸಿಕೊಂಡರು. "ಗೆರೆ ಎಲ್ಲಿಗೆ ಮುಗಿಯುತ್ತೆ ಅಂತ ತೋರಿಸೋಕೆ ನಿಮ್ಮ ಫ್ಲಾಸ್ಕು ಬೇಕು ಅಜ್ಜಿ" ಅಂದರು ಟೀಚರು. ಸಿಂಚನ ಸಂಜೆವರೆಗೂ ನಿಂತೇ ಹೇಳಿದಳು, ಬಂದವರಿಗೆಲ್ಲ, ಅದೇ ಮಾತನ್ನು ಅದೇ ಹುರುಪಿನಲ್ಲಿ. ಜೀರಿಗೆ ನೀರಿನ ಕಥೆಯನ್ನೂ ಮುಚ್ಚಿಡಲಿಲ್ಲ. ಡ್ರಮ್ಮಿನ ನೀರನ್ನು ಬಾಟಲಿಯಲ್ಲಿ ತಂದು, ಮುಳ್ಳು ಎಷ್ಟು ಬೀಳುತ್ತೆ ಅಂತ ತೋರಿಸಿದಳು.

ಮೊದಲ ಬಹುಮಾನ ಬಂದದ್ದು ಯಾವುದೋ ಬೇರೆ ಶಾಲೆಯ ಜ್ವಾಲಾಮುಖಿಗೆ.

ಹೆಡ್ಮಾಷ್ಟ್ರು ನಮ್ಮ ಕಡೆ ತಿರುಗಿ ಏನೂ ಹೇಳಲಿಲ್ಲ. ಹೇಳದೇ ಇರೋದಕ್ಕೆ ಅವರು ಪಟ್ಟ ಕಷ್ಟ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಟೀಚರು ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಣ್ಣೊರೆಸಿಕೊಂಡು ನೋಡಿದರೆ ಸಿಂಚನ ಪಕ್ಕದಲ್ಲಿಲ್ಲ. ತೀರ್ಪುಗಾರರ ಮೇಜಿನ ಮುಂದೆ ನಿಂತಿದ್ದಾಳೆ.

"ಸಾರ್, ಒಂದು ಡೌಟು. ಅದು ಚೆನ್ನಾಗಿತ್ತು, ಬೇಜಾರಿಲ್ಲ. ಆದ್ರೆ ನೀವು ಮಾರ್ಕ್ಸ್ ಕೊಡುವಾಗ ಸೊನ್ನೆ ಅಂತ ಯಾವುದನ್ನ ಇಟ್ಕೊಂಡಿದ್ರಿ?"

ಆ ಮನುಷ್ಯ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು. ಎದ್ದು ನಮ್ಮ ಪೆಟ್ಟಿಗೆ ಹತ್ತಿರ ಬಂದರು, ವ್ಯಾನಿನವನು ಹಾರನ್ ಹೊಡೆಯುವವರೆಗೂ ತಮ್ಮ ಚಹಾ, ಇನ್ನೊಬ್ಬರ ಚಹಾ, ಕೊನೆಗೆ ನನ್ನ ಕಾಫಿ ಎಲ್ಲ ಸೋಸಿ, ತಿಳಿ ಮಾಡಿ ಅಳೆಯುತ್ತಾ ಕೂತರು. ಬಹುಮಾನ ಅಂದರೆ ಅದೇ ಅಂತ ನಾನು ಲೆಕ್ಕ ಹಾಕಿದ್ದೇನೆ. ದೊಡ್ಡಪ್ಪನ ಮನೆಯವರು ಫೋನಿನಲ್ಲಿ, "ಏನೂ ಬರಲಿಲ್ವಂತೆ" ಅಂದಾಗ, "ಯಾವುದರ ಮುಂದೆ?" ಅಂತ ಕೇಳಿ ಇಟ್ಟುಬಿಟ್ಟೆ.

ಹೋದ ಶನಿವಾರದ ಬೀಳ್ಕೊಡುಗೆಯಲ್ಲಿ ಸ್ಟೇಜಿನ ನಡುವೆ ಜ್ವಾಲಾಮುಖಿ ಇಟ್ಟು ಅದರ ಬಾಯಿಗೆ ಹೂವು ಜೋಡಿಸಿದ್ದರು. ಹೆಡ್ಮಾಷ್ಟ್ರದೇ ಯೋಚನೆ. ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು ಇವರಂಥ ಟೀಚರಿಲ್ಲ ಅಂದರು. ಟೀಚರ ತುಟಿ ತುದಿ ಪ್ರತಿ ಸಲವೂ ಕುಣಿಯುತ್ತಿತ್ತು, ಅವರು ಏನು ಕೇಳಬೇಕೆಂದು ತಡೆದುಕೊಂಡಿದ್ದಾರೆ ಅಂತ ಶಾಲೆಗೆ ಶಾಲೆಯೇ ತಿಳಿದಿತ್ತು. ಹೆಡ್ಮಾಷ್ಟ್ರು ಶಾಲು ಹೊದಿಸಿ, ಒಂದು ಹೊಸ ಕೊಡೆ ಕೊಟ್ಟರು. ಅದರ ಹಿಡಿಗೆ ಮೊದಲೇ ಒಂದು ಕೆಂಪು ಚುಕ್ಕಿ ಇತ್ತು.

ಎಲ್ಲ ಮುಗಿದ ಮೇಲೆ ಟೀಚರು ಹಾರ ತೆಗೆದು ಕೈಲಿ ಹಿಡಿದುಕೊಂಡು ಕೊನೇ ಬೆಂಚಿಗೇ ಬಂದರು. ಸಿಂಚನಳ ಅಂಗೈಗೆ ನೇಲ್ ಪಾಲಿಶ್ ಸೀಸೆ ಇಟ್ಟು ಬೆರಳು ಮಡಚಿದರು. ಅವಳು ತಲೆ ಎತ್ತಲಿಲ್ಲ. ನಾನು ಫ್ಲಾಸ್ಕು ತೆರೆದು ಅರ್ಧ ಲೋಟ ಬಗ್ಗಿಸಿ, ಇನ್ನರ್ಧಕ್ಕೆ ಚೇಚಿಯ ಬಿಸಿನೀರಿಗೆ ಕೈ ಚಾಚಿದೆ.

"ನೀರು ಬೇಡ ಅಜ್ಜಿ" ಅಂದರು. "ಪೂರ್ತಿ ಹಾಕಿ."

ಹಾಕಿದೆ. ಮೊದಲ ಸಲ, ನೀರು ಬೆರೆಸದೆ, ನಿಂತಲ್ಲೇ ಕುಡಿದರು. ಲೋಟ ಇಳಿಸಿದಾಗ ಕಣ್ಣಲ್ಲಿ ನೀರು. ಸೆರಗಿನ ತುದಿಯಿಂದ ಒರೆಸಿಕೊಂಡರು.

"ತುಂಬ ಗಟ್ಟಿ ಅಜ್ಜಿ, ನಿಮ್ಮ ಕಾಫಿ."

"ಯಾವುದರ ಮುಂದೆ ಟೀಚರೇ?" ಅಂದೆ ನಾನು.

ಅವರು ನನ್ನನ್ನು ನೋಡಿದರು. ಸಿಂಚನಳನ್ನು ನೋಡಿದರು. ಲೋಟ ಮತ್ತೆ ನನ್ನ ಮುಂದೆ ಹಿಡಿದರು.